ಪ್ರೆಸ್ಸಿಗೆ ಕೈ ಸಿಕ್ಕಿ ಹತ್ತು ವಾರ: ಮತ್ತೆ ಕೆಲಸಕ್ಕೆ ಯಾವಾಗ ಹೋಗಬಹುದು?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಪೀಣ್ಯದಲ್ಲಿ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್. ಹತ್ತು ವಾರದ ಹಿಂದೆ ಬಲಗೈ ಪವರ್ ಪ್ರೆಸ್‌ಗೆ ಸಿಕ್ಕಿತು. ತೋರುಬೆರಳಿನ ತುದಿ ಗೆಣ್ಣು ಹೋಯಿತು. ನಡುಬೆರಳಿನ ಮಡಚುವ ಟೆಂಡನ್ ಕಟ್ ಆಗಿತ್ತು. ಅದೇ ದಿನ ಆಪರೇಷನ್ ಮಾಡಿ ಜೋಡಿಸಿದರು. ಆರು ವಾರ ಸ್ಪ್ಲಿಂಟ್ (ಕೈ ಅಲುಗದಂತೆ ಕಟ್ಟುವ ಪಟ್ಟಿ) ಹಾಕಿದ್ದರು. ಈಗ ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಹೋಗುತ್ತೇನೆ. ವ್ಯಾಕ್ಸ್ (ಬಿಸಿ ಮೇಣ) ಹಾಕುತ್ತಾರೆ, ಮಷಿನ್ ಇಡುತ್ತಾರೆ, ಬೆರಳು ಮಡಚಿಸುತ್ತಾರೆ. ಆದರೂ ನಡುಬೆರಳು ಅಂಗೈಗೆ ತಾಗುವುದಿಲ್ಲ, ಮೂರು ಸೆಂ.ಮೀ. ದೂರದಲ್ಲೇ ನಿಲ್ಲುತ್ತದೆ. ಏಟೇ ಬೀಳದ ಉಂಗುರಬೆರಳು, ಕಿರುಬೆರಳಲ್ಲೂ ಹಿಡಿತ ಇಲ್ಲ. ಅಳೆದಾಗ ಬಲಗೈ 12 ಕೆ.ಜಿ., ಎಡಗೈ 38 ಕೆ.ಜಿ. ಬಂತು. ತೋರುಬೆರಳ ತುದಿಗೆ ಬಟ್ಟೆ ತಾಗಿದರೂ ಕರೆಂಟ್ ಹೊಡೆದಂತೆ ಆಗುತ್ತದೆ. ‘ಫಿಟ್ ಸರ್ಟಿಫಿಕೇಟ್ ತಗೊಂಡು ಬಾ, ಇಲ್ಲಾಂದ್ರೆ ಬೇರೆಯವರನ್ನ ಹಾಕ್ಕೋತೀವಿ’ ಅಂತ ಸೂಪರ್‌ವೈಸರ್ ಫೋನ್ ಮಾಡುತ್ತಿದ್ದಾರೆ. ‘ಕೈ ಜಾಸ್ತಿ ಸರಿ ಮಾಡ್ಕೋಬೇಡ, ಪರಿಹಾರದ ಪರ್ಸೆಂಟೇಜ್ ಕಮ್ಮಿ ಆಗುತ್ತೆ’ ಅಂತ ಜೊತೆಯವರು ಹೇಳುತ್ತಾರೆ. ಮನೆಯವಳು ಈ ಕೆಲಸವೇ ಬೇಡ, ಊರು ತಿಪಟೂರಿಗೆ ಹೋಗಿ ತೋಟ ನೋಡಿಕೊಳ್ಳೋಣ ಅನ್ನುತ್ತಾಳೆ. ನಾನು ಯಾವಾಗ ಕೆಲಸಕ್ಕೆ ಹೋಗಬಹುದು?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಈಗ ಪ್ರೆಸ್ ಮುಂದೆ ಕೂರಬೇಡಿ. 12 ವಾರ ದಾಟಿ, ಆಪರೇಷನ್ ಮಾಡಿದ ಡಾಕ್ಟರ್ ಒಪ್ಪಿದರೆ ಕಾರ್ಖಾನೆಗೆ ಹೋಗಬಹುದು, ಆದರೆ ಬೇರೆ ಕೆಲಸಕ್ಕೆ. ಪ್ರೆಸ್ ಕೆಲಸಕ್ಕೆ ನಾಲ್ಕರಿಂದ ಐದು ತಿಂಗಳು ಇಟ್ಟುಕೊಳ್ಳಿ. ಅದೂ ಆ ಮಷಿನ್ ರಿಪೇರಿ ಆಗಿದ್ದರೆ ಮಾತ್ರ. ನಿಮ್ಮ ಕೈ ರಿಪೇರಿ ಬಗ್ಗೆ ಎಲ್ಲರೂ ಕೇಳುತ್ತಿದ್ದಾರೆ. ಮಷಿನ್ ರಿಪೇರಿ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

‘ಯಾವಾಗ’ ಎನ್ನುವ ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸಿಕೊಳ್ಳಿ. ‘ಯಾವ ಕೆಲಸಕ್ಕೆ, ದಿನಕ್ಕೆ ಎಷ್ಟು ಹೊತ್ತು, ಯಾವ ಭಾರ’ ಅಂತ ಕೇಳಿದರೆ ಉತ್ತರ ಸಿಗುತ್ತದೆ. ಕೈ ನೂರಕ್ಕೆ ನೂರು ಸರಿಹೋದ ಮೇಲೆ ಹೋಗುತ್ತೇನೆ ಅಂತ ಕೂತರೆ ಆ ದಿನ ಬರುವುದೇ ಇಲ್ಲ. ತೋರುಬೆರಳ ತುದಿ ವಾಪಸ್ ಬರಲ್ಲ ಅಲ್ವಾ? ಹಾಗಂತ ಸೂಪರ್‌ವೈಸರ್ ಫೋನಿಗೆ ಹೆದರಿ ಸೋಮವಾರ ಬೆಳಿಗ್ಗೆ ಪೆಡಲ್ ತುಳಿಯಲು ಹೋದರೆ ಆಪರೇಷನ್ನೇ ವ್ಯರ್ಥ ಆಗಬಹುದು. ಎರಡರ ನಡುವೆ ಮೆಟ್ಟಿಲುಗಳಿವೆ. ಆ ಮೆಟ್ಟಿಲನ್ನು ನಮ್ಮ ವ್ಯವಸ್ಥೆ ಕಟ್ಟಿಕೊಟ್ಟಿಲ್ಲ, ನೀವೇ ಕಟ್ಟಿಕೊಳ್ಳಬೇಕು.

12 ವಾರ ಎಂದು ಯಾಕೆ ಹೇಳುತ್ತೇವೆ ಅಂತ ತಿಳಿದುಕೊಳ್ಳಿ. ಟೆಂಡನ್ ಅಂದರೆ ಸ್ನಾಯುವಿನ ಎಳೆತವನ್ನು ಬೆರಳಿಗೆ ಒಯ್ಯುವ ಹುರಿ. ಹೊಲಿದ ಟೆಂಡನ್ ಮೊದಲ ಎರಡು ಮೂರು ವಾರ ತೀರಾ ದುರ್ಬಲ. ಆಗ ಅದನ್ನು ಹಿಡಿದಿರುವುದು ಹೊಲಿಗೆ ದಾರ ಮಾತ್ರ. ಆಮೇಲೆ ನಿಧಾನವಾಗಿ ಅದೇ ಬಲ ಕಟ್ಟಿಕೊಳ್ಳುತ್ತದೆ. ಆರು ವಾರಕ್ಕೆ ಸ್ಪ್ಲಿಂಟ್ ತೆಗೆಯುತ್ತೇವೆ. ಎಂಟು ವಾರದ ಹೊತ್ತಿಗೆ ಊಟ, ಸ್ನಾನ, ಬಟ್ಟೆ ಹಾಕಿಕೊಳ್ಳುವಂಥ ಹಗುರ ಬಳಕೆ ಶುರು. 12 ವಾರ ದಾಟಿದ ಮೇಲೆ ಭಾರ ಎತ್ತುವ, ಜೋರಾಗಿ ಹಿಡಿಯುವ ಅಭ್ಯಾಸ. ಹತ್ತನೇ ವಾರದಲ್ಲಿ ನಿಮ್ಮ ಟೆಂಡನ್ ದಿನದ ಕೆಲಸ ತಡೆಯುತ್ತದೆ. ಜಾರಿ ಬೀಳುತ್ತಿರುವ ಶೀಟನ್ನು ಗಬಕ್ಕನೆ ಹಿಡಿಯುವ ಎಳೆತ ತಡೆಯುವುದು ಅನುಮಾನ. ಕಿತ್ತು ಹೋಗುವುದು ಹೆಚ್ಚಾಗಿ ಹೀಗೇ, ಯೋಚನೆಯಿಲ್ಲದೆ ಕೈ ಹಾಕಿದಾಗ. ಹಾಗಾಗಿ ಹತ್ತನೇ ವಾರಕ್ಕೇ ಪೂರ್ತಿ ಬಲ ಹಾಕಿಸಿ ಹಿಡಿತ ಅಳೆದದ್ದು ನನಗೆ ಅಷ್ಟು ಹಿಡಿಸಲಿಲ್ಲ. ಆಪರೇಷನ್ ಆಗಿ 12 ವಾರ ತುಂಬುವ ತನಕ ಆ ಟೆಸ್ಟ್ ಬೇಡ. 12 ಕೆ.ಜಿ. ಎನ್ನುವ ಅಂಕಿ ನೋಡಿ ಗಾಬರಿಯೂ ಬೇಡ. ಬಲಗೈ ಬಳಸುವವರಲ್ಲಿ ಬಲಗೈ ಹಿಡಿತ ಎಡಗೈಗಿಂತ ಸುಮಾರು ಹತ್ತು ಪರ್ಸೆಂಟ್ ಜಾಸ್ತಿ ಇರುತ್ತದೆ. ಅಂದರೆ ಮೊದಲು ನಿಮ್ಮ ಬಲಗೈ 40ರ ಆಸುಪಾಸಿನಲ್ಲಿ ಇದ್ದಿರಬೇಕು. ಅಷ್ಟೂ ವಾಪಸ್ ಬರದಿರಬಹುದು. ಆದರೆ ನಿಮ್ಮ ಕೆಲಸಕ್ಕೆ 40 ಬೇಕಾಗಿಯೂ ಇಲ್ಲ.

ಏಟು ಬೀಳದ ಉಂಗುರಬೆರಳು, ಕಿರುಬೆರಳು ಸೋತಿವೆ ಅಂತ ಬರೆದಿದ್ದೀರಿ. ಬಹಳ ಜನ ಇದನ್ನು ಹೇಳಿಕೊಳ್ಳುವುದೇ ಇಲ್ಲ, ಸುಮ್ನೆ ಭ್ರಮೆ ಅಂದುಕೊಳ್ಳುತ್ತಾರೆ. ಭ್ರಮೆ ಅಲ್ಲ. ಬೆರಳ ತುದಿ ಮಡಚುವ ಟೆಂಡನ್‌ಗಳಲ್ಲಿ ನಡುಬೆರಳು, ಉಂಗುರಬೆರಳು, ಕಿರುಬೆರಳಿನವು ಮುಂಗೈಯಲ್ಲಿ ಒಂದೇ ಸ್ನಾಯುವಿಗೆ ಸೇರುತ್ತವೆ. ಒಂದೇ ಹಗ್ಗಕ್ಕೆ ಕಟ್ಟಿದ ದನಗಳಲ್ಲಿ ಒಂದು ಕೂತುಬಿಟ್ಟರೆ ಉಳಿದವೂ ಮುಂದೆ ಹೋಗಲ್ಲ, ಹಾಗೆ. ನಡುಬೆರಳ ಟೆಂಡನ್ ಹೊಲಿದ ಜಾಗದಲ್ಲಿ ಅಕ್ಕಪಕ್ಕದ ಮಾಂಸಕ್ಕೆ ಅಂಟಿಕೊಂಡಿದೆ. ಅದು ಜಾರುತ್ತಿಲ್ಲ. ಸ್ನಾಯು ಎಳೆದಾಗ ಅಲ್ಲಿಗೇ ಬ್ರೇಕ್ ಬೀಳುತ್ತದೆ. ಪಕ್ಕದ ಎರಡು ಬೆರಳಿಗೂ ಪೂರ್ತಿ ಎಳೆತ ಸಿಗುವುದಿಲ್ಲ. ಆದ್ದರಿಂದ ಆ ಎರಡು ಬೆರಳಿಗೆ ಬಾಲ್ ಕೊಟ್ಟು ಅಮುಕಿಸಿದರೆ ಉಪಯೋಗ ಕಮ್ಮಿ. ನಡುಬೆರಳಿನ ಅಂಟು ಬಿಡಿಸಿದರೆ ಮೂರೂ ಬೆರಳಿನ ಹಿಡಿತ ಏರುತ್ತದೆ. ನಿಮ್ಮ ಈಗಿನ ಚಿಕಿತ್ಸೆ ಪೂರ್ತಿ ಇದರ ಮೇಲೆ ನಿಂತಿರಬೇಕು.

ಈಗ ವ್ಯಾಕ್ಸ್ ವಿಷಯ. ವ್ಯಾಕ್ಸ್ ಒಳ್ಳೆಯದೇ. ಬಿಸಿಗೆ ಗಾಯದ ಕಲೆ ಮೆತ್ತಗಾಗುತ್ತದೆ, ನೋವು ಸ್ವಲ್ಪ ತಗ್ಗುತ್ತದೆ. ಆದರೆ ಅದರ ಫಲ ಇರುವುದು ಕೈ ಬೆಚ್ಚಗಿರುವ ಆ ಸ್ವಲ್ಪ ಹೊತ್ತು. ಆಗಲೇ ಬೆರಳು ಮಡಚಬೇಕು. ವ್ಯಾಕ್ಸ್ ತೆಗೆದು, ಕೈ ಒರೆಸಿ, ಮಷಿನ್ ಇಟ್ಟು, ಕಾದು, ಆಮೇಲೆ ಐದು ನಿಮಿಷ ವ್ಯಾಯಾಮ ಅಂದರೆ ಬಿಸಿಯೆಲ್ಲ ಹೋಗಿರುತ್ತದೆ. ಇನ್ನೊಂದು ಮಾತು. ಬೇರೆಯವರು ಹಿಡಿದು ಮಡಚಿದರೆ ಗೆಣ್ಣು ಸಡಿಲವಾಗುತ್ತದೆ, ಟೆಂಡನ್ ಎಳೆದುಕೊಂಡು ಹೋಗುವುದಿಲ್ಲ. ನೀವೇ ನಿಮ್ಮ ಸ್ನಾಯು ಬಳಸಿ ಮಡಚಿದಾಗಲೇ ಟೆಂಡನ್ ಜಾರುವುದು. ವಾರಕ್ಕೆ ಮೂರು ದಿನ ಅರ್ಧ ಗಂಟೆ ಸಾಲುವುದೇ ಇಲ್ಲ. ದಿನಕ್ಕೆ ಐದಾರು ಸಲ, ಒಂದೊಂದು ಸಲಕ್ಕೆ ಹತ್ತು ನಿಮಿಷ, ಮನೆಯಲ್ಲೇ ಆಗಬೇಕು.

ಏನು ಮಾಡಬೇಕು ಅಂದರೆ, ಎಡಗೈಯಿಂದ ನಡುಬೆರಳಿನ ನಡುವಿನ ಮೂಳೆಯನ್ನು ಅಲುಗದಂತೆ ಹಿಡಿಯಿರಿ. ಈಗ ತುದಿ ಗೆಣ್ಣು ಮಾತ್ರ ಮಡಚಿ. ಅಲುಗಿದಷ್ಟು ಸಾಕು. ಮೂರು ಎಣಿಸುವ ತನಕ ಹಿಡಿದು ಬಿಡಿ. ಹತ್ತು ಸಲ. ಆಮೇಲೆ ಬೆರಳ ಬುಡದ ಮೂಳೆ ಹಿಡಿದು ನಡುಗೆಣ್ಣು ಮಡಚಿ, ಹತ್ತು ಸಲ. ಇದಾದ ಮೇಲೆ ಬೆರಳುಗಳನ್ನು ನೆಟ್ಟಗೆ ಮಾಡಿ, ಬುಡದ ಗೆಣ್ಣು ಮಡಚದೆ ಮೇಲಿನ ಎರಡು ಗೆಣ್ಣು ಮಾತ್ರ ಮಡಚಿ, ಕೊಕ್ಕೆಯ ಹಾಗೆ. ಮತ್ತೆ ನೆಟ್ಟಗೆ. ಆಮೇಲೆ ಪೂರ್ತಿ ಮುಷ್ಟಿ. ಮತ್ತೆ ನೆಟ್ಟಗೆ. ಕೊನೆಗೆ ತುದಿ ನೆಟ್ಟಗಿಟ್ಟು ಬೆರಳ ಮೆತ್ತನೆ ಭಾಗ ಅಂಗೈಗೆ ಒತ್ತುವಂತೆ ಮುಷ್ಟಿ. ಕೊಕ್ಕೆ ಆಕಾರವನ್ನು ಬಿಡಬೇಡಿ. ಬೆರಳಿನ ಎರಡು ಮಡಚುವ ಟೆಂಡನ್‌ಗಳು ಒಂದರ ಮೇಲೊಂದು ಅತಿ ಜಾಸ್ತಿ ಜಾರುವುದು ಆ ಆಕಾರದಲ್ಲೇ. ಇದರ ಜೊತೆಗೆ, ಗಾಯ ಪೂರ್ತಿ ಒಣಗಿರುವುದರಿಂದ, ಕೊಬ್ಬರಿ ಎಣ್ಣೆ ಹಚ್ಚಿ ಕಲೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ತಿಕ್ಕಿ. ಚರ್ಮದ ಮೇಲೆ ಬೆರಳು ಜಾರಬಾರದು, ಚರ್ಮವೇ ಅಲುಗಬೇಕು. ಯಾರಾದರೂ ‘ನಾನು ಒಂದೇ ಸಲಕ್ಕೆ ಮಡಚಿ ಬಿಡಿಸ್ತೀನಿ’ ಅಂತ ಬಂದರೆ ಕೈ ಕೊಡಬೇಡಿ. ನೀವಿರುವ ಹಂತದಲ್ಲಿ ಅದು ಅಪಾಯ.

ಚಪಾತಿ ಹಿಟ್ಟು ಹಿಸುಕುವುದನ್ನು ಈಗಲೇ ಮಾಡಬಹುದು, ಮೆತ್ತಗೆ ಕಲಸಿದ್ದು. ಒದ್ದೆ ಬಟ್ಟೆ ಹಿಂಡುವುದು 12 ವಾರ ಆದ ಮೇಲೆ. ಬಟ್ಟೆ ಕ್ಲಿಪ್ ಒತ್ತುವುದು, ಅಂಗಿ ಗುಂಡಿ ಹಾಕುವುದು, ನೆಲದ ಮೇಲಿನ ಒಂದು ರೂಪಾಯಿ ನಾಣ್ಯ ಎತ್ತುವುದು, ಇವೆಲ್ಲ ವ್ಯಾಯಾಮವೇ. ಒಂದು ಸ್ಕೇಲ್ ತಗೊಳ್ಳಿ. ಪ್ರತಿ ಭಾನುವಾರ ಬೆಳಿಗ್ಗೆ ಮುಷ್ಟಿ ಹಿಡಿದು ನಡುಬೆರಳ ತುದಿಗೂ ಅಂಗೈಯ ಮೇಲಿನ ಗೆರೆಗೂ ಇರುವ ದೂರ ಅಳೆದು ಕ್ಯಾಲೆಂಡರ್ ಮೇಲೆ ಬರೆಯಿರಿ. ನಿಮ್ಮ 3 ಸೆಂ.ಮೀ. ಎರಡಕ್ಕೆ ಬಂದರೆ ದಾರಿ ಸರಿ ಇದೆ. ಮೂರು ತಿಂಗಳು ಇಷ್ಟು ಶ್ರದ್ಧೆಯಿಂದ ಮಾಡಿಯೂ ಈ ಅಳತೆ ಕಮ್ಮಿಯಾಗದಿದ್ದರೆ, ಅಂಟು ಬಿಡಿಸುವ ಇನ್ನೊಂದು ಚಿಕ್ಕ ಆಪರೇಷನ್ ಬಗ್ಗೆ ಸರ್ಜನ್ ಹತ್ತಿರ ಮಾತಾಡಿ. ಅದಕ್ಕೆ ಈಗಲೇ ಆತುರ ಬೇಡ.

ವ್ಯಾಯಾಮದ ಹೊತ್ತಿನಲ್ಲಿ ಸ್ವಲ್ಪ ನೋವು ಇರಲಿ, ಪರವಾಗಿಲ್ಲ. ಅದು ಒಂದು ಗಂಟೆಯಲ್ಲಿ ತಗ್ಗಬೇಕು. ಮಾರನೇ ದಿನ ಬೆಳಿಗ್ಗೆ ಬೆರಳು ಊದಿದ್ದರೆ ನಿನ್ನೆ ಜಾಸ್ತಿ ಆಯಿತು ಅಂತ ಅರ್ಥ, ಅರ್ಧಕ್ಕೆ ಇಳಿಸಿ. ‘ಟಕ್’ ಅಂತ ಆಗಿ ಬೆರಳು ಮಡಚುವುದೇ ನಿಂತರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಕೈಯೆಲ್ಲ ಉರಿ, ಚರ್ಮ ಹೊಳೆಯುವುದು, ಬಣ್ಣ ಬದಲಾಗುವುದು, ಒಂದೇ ಕೈ ವಿಪರೀತ ಬೆವರುವುದು, ಇವು ಒಟ್ಟಿಗೆ ಕಂಡರೂ ಕಾಯಬೇಡಿ. ಅದು ಬೇರೆಯೇ ಸಮಸ್ಯೆ, ಬೇಗ ಹಿಡಿದಷ್ಟೂ ಒಳ್ಳೆಯದು.

ತೋರುಬೆರಳ ಮೊಂಡು ತುದಿ ಶಾಕ್ ಹೊಡೆಯುವುದಕ್ಕೆ ಕಾರಣ ಕಟ್ ಆದ ನರದ ತುದಿ. ಅದನ್ನು ಬಟ್ಟೆ ಸುತ್ತಿ ಬಚ್ಚಿಟ್ಟಷ್ಟೂ ಅದು ಇನ್ನೂ ಕೆರಳುತ್ತದೆ. ಮುಟ್ಟಿ ಮುಟ್ಟಿ ಪಳಗಿಸಬೇಕು. ಮೊದಲು ಹತ್ತಿ. ಅದು ಸಹಿಸಿದ ಮೇಲೆ ಹಳೇ ಪಂಚೆ, ಆಮೇಲೆ ಟರ್ಕಿ ಟವಲ್. ನಂತರ ಒಂದು ಡಬ್ಬದಲ್ಲಿ ರಾಗಿ ತುಂಬಿ ಕೈ ಇಳಿಸಿ ಆಡಿಸಿ. ರಾಗಿ ಒಗ್ಗಿದ ಮೇಲೆ ಅಕ್ಕಿ, ಆಮೇಲೆ ಕಡಲೆಕಾಳು. ಒಂದೊಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಕೆಲವು ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಇದನ್ನು ಮಾಡದಿದ್ದರೆ ಮೆದುಳು ಒಂದು ಕಳ್ಳದಾರಿ ಹಿಡಿಯುತ್ತದೆ. ತೋರುಬೆರಳನ್ನು ಮೇಲೆತ್ತಿ ಬಿಟ್ಟು, ಹೆಬ್ಬೆರಳು ನಡುಬೆರಳಲ್ಲೇ ಎಲ್ಲ ಹಿಡಿಯುವ ಅಭ್ಯಾಸ. ನೀವು ಕಾಫಿ ಲೋಟ ಹಿಡಿಯುವಾಗ ನೋಡಿಕೊಳ್ಳಿ, ತೋರುಬೆರಳು ಗಾಳಿಯಲ್ಲಿ ನಿಂತಿದೆಯಾ? ನಿಂತಿದ್ದರೆ ಇವತ್ತಿನಿಂದಲೇ ಅದನ್ನು ಲೋಟಕ್ಕೆ ಒತ್ತಿ ಇಡುವ ರೂಢಿ ಮಾಡಿ. ಚಳಿಗೆ ಆ ತುದಿ ಜಾಸ್ತಿ ನೋಯುತ್ತದೆ, ಡಿಸೆಂಬರ್ ಬೆಳಗಿನ ಶಿಫ್ಟ್‌ನಲ್ಲಿ ಗೊತ್ತಾಗುತ್ತದೆ. ಬೀಡಿ ಸಿಗರೇಟ್ ಇದ್ದರೆ ಅದು ಇನ್ನೂ ಹೆಚ್ಚು. ಇದ್ದರೆ ಬಿಡಿ, ಇಷ್ಟೇ ಹೇಳುತ್ತೇನೆ.

ಈಗ ಕಾರ್ಖಾನೆಗೆ ಬರೋಣ. ಫಿಸಿಯೋಥೆರಪಿ ಟೇಬಲ್ ಮೇಲೆ ಚೆನ್ನಾಗಿ ಮಾಡಿದ ಕೈ, ಮಷಿನ್ ಮುಂದೆ ಎರಡೇ ಗಂಟೆಗೆ ಸೋಲುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಾರಣ ಇಷ್ಟೇ. ಆ ಕೈ ನಿಮ್ಮ ಕೆಲಸವನ್ನು ಅಭ್ಯಾಸ ಮಾಡಿರುವುದಿಲ್ಲ. ನಿಮ್ಮ ಜೊತೆಯವರಿಗೆ ಹೇಳಿ, ಪ್ರೆಸ್ ಮೇಲೆ ಒಬ್ಬರು ಕೆಲಸ ಮಾಡುವುದನ್ನು ಹತ್ತು ನಿಮಿಷ ಮೊಬೈಲ್‌ನಲ್ಲಿ ವಿಡಿಯೋ ತೆಗೆಸಿ. ಸೂಪರ್‌ವೈಸರ್‌ಗೆ ಹೇಳಿಯೇ ತೆಗೆಸಿ, ಕದ್ದು ಬೇಡ. ಅದನ್ನು ನಿಮ್ಮ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಒಂದು ಬ್ಲ್ಯಾಂಕ್ (ಪ್ರೆಸ್‌ಗೆ ಇಡುವ ಶೀಟಿನ ತುಂಡು) ಎಷ್ಟು ತೂಕ, ನಿಮಿಷಕ್ಕೆ ಎಷ್ಟು ಸಲ ಎತ್ತಬೇಕು, ಚಿವುಟಿ ಹಿಡಿಯುವುದಾ ಅಂಗೈ ತುಂಬ ಹಿಡಿಯುವುದಾ, ಟ್ರೇ ಯಾವ ಎತ್ತರದಲ್ಲಿದೆ, ಡೈ (ಶೀಟನ್ನು ಒತ್ತುವ ಅಚ್ಚು) ಬದಲಾಯಿಸುವುದು ನೀವಾ ಅದಕ್ಕೇ ಇರುವ ಸೆಟ್ಟರಾ, ಇದೆಲ್ಲ ಅದರಲ್ಲಿ ಕಾಣುತ್ತದೆ. ಚಿಕಿತ್ಸೆ ಕೊಡುವ ನಮ್ಮಂಥವರಲ್ಲಿ ಹೆಚ್ಚಿನವರು ಪವರ್ ಪ್ರೆಸ್ ಹತ್ತಿರದಿಂದ ನೋಡಿಯೇ ಇರುವುದಿಲ್ಲ. ಆ ವಿಡಿಯೋ ಹತ್ತು ರಿಪೋರ್ಟಿಗಿಂತ ಜಾಸ್ತಿ ಹೇಳುತ್ತದೆ.

12 ವಾರದ ನಂತರ ಅದನ್ನೇ ಮನೆಯಲ್ಲಿ, ಸೆಂಟರ್‌ನಲ್ಲಿ ನಕಲು ಮಾಡಿ. ಮೊದಲು ಶೀಟಿನ ಅಳತೆಗೆ ರಟ್ಟು ಕತ್ತರಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜೋಡಿಸಿ, ಹದಿನೈದು ನಿಮಿಷ. ಆಮೇಲೆ ಪ್ಲೈವುಡ್. ಆಮೇಲೆ ನಿಜವಾದ ಸ್ಕ್ರ್ಯಾಪ್ ಬ್ಲ್ಯಾಂಕ್, ಅಂಚು ಉಜ್ಜಿ ನುಣುಪು ಮಾಡಿದ್ದು. ಒಂದು ಮರದ ಹಲಗೆಗೆ ಎಂ12, ಎಂ10, ಎಂ8 ಬೋಲ್ಟ್‌ಗಳನ್ನು ಕೂರಿಸಿ, ನಟ್ ಹಾಕಿ ತೆಗೆಯಿರಿ, ದೊಡ್ಡದರಿಂದ ಚಿಕ್ಕದಕ್ಕೆ. ಹೊತ್ತು ವಾರ ವಾರ ಹೆಚ್ಚಿಸಿ. ಒಂದೇ ಬಿಡುವಿನೊಂದಿಗೆ ಎರಡು ಗಂಟೆ ಮಾಡಿ, ಮಾರನೇ ದಿನ ಊತ ಬರದಿದ್ದರೆ ಆ ಕೈ ಕಾರ್ಖಾನೆಯೊಳಗೆ ಕಾಲಿಡಲು ತಯಾರು. ನನ್ನ ಲೆಕ್ಕದಲ್ಲಿ ಹಿಡಿತದ ಕೆ.ಜಿ.ಗಿಂತ ಈ ಪರೀಕ್ಷೆ ದೊಡ್ಡದು.

ಒಳಗೆ ಹೋದ ಮೇಲೆ ಯಾವ ಕೆಲಸ? ಕ್ಯೂಸಿಯಲ್ಲಿ (ಗುಣಮಟ್ಟ ತಪಾಸಣೆ) ವರ್ನಿಯರ್, ಗೇಜ್‌ನಂಥ ಅಳತೆ ಸಾಧನ ಹಿಡಿದು ಪೀಸ್ ಚೆಕ್ ಮಾಡುವುದು ನಿಮ್ಮಂಥ ಕೈಗೆ ಬಹಳ ಒಳ್ಳೆಯದು. ಭಾರ ಇಲ್ಲ, ಆದರೆ ಬೆರಳಿಗೆ ದಿನವಿಡೀ ಸೂಕ್ಷ್ಮ ಕೆಲಸ. ಸ್ಟೋರ್ಸ್‌ನಲ್ಲಿ ಎಣಿಕೆ, ಲೇಬಲ್, ಹಗುರ ಪ್ಯಾಕಿಂಗ್ ಕೂಡ ಆಗುತ್ತದೆ. ‘ಲೈಟ್ ಡ್ಯೂಟಿ’ ಅಂತ ಡಿಬರಿಂಗ್‌ಗೆ, ಅಂದರೆ ಕತ್ತರಿಸಿದ ಅಂಚಿನ ಚೂಪು ಮುಳ್ಳು (ಬರ್) ಉಜ್ಜಿ ತೆಗೆಯಲು ಕೂರಿಸುತ್ತಾರೆ, ಅದಕ್ಕೆ ಒಪ್ಪಬೇಡಿ. ಗ್ರೈಂಡರ್ ಅದುರುವುದು ಮೊಂಡು ತುದಿಗೆ ಆಗಲ್ಲ. ಬರ್ ಇರುವ ಅಂಚು, ಸ್ಪರ್ಶ ಸರಿಯಿಲ್ಲದ ಬೆರಳು, ಎರಡೂ ಸೇರಿದರೆ ಕೊಯ್ದದ್ದೇ ಗೊತ್ತಾಗುವುದಿಲ್ಲ. ಮೊದಲ ತಿಂಗಳು ನೈಟ್ ಶಿಫ್ಟ್ ಬೇಡ, ಓಟಿ ಬೇಡ. ಗ್ಲೌಸ್ ವಿಷಯದಲ್ಲಿ ಒಂದು ಎಚ್ಚರಿಕೆ. ತೋರುಬೆರಳು ಗಿಡ್ಡವಾಗಿರುವುದರಿಂದ ಗ್ಲೌಸಿನ ತುದಿ ಖಾಲಿ ಜೋತಾಡುತ್ತದೆ. ಶೀಟ್ ಎತ್ತುವಾಗ ಅದು ಸಿಕ್ಕಿಕೊಳ್ಳುತ್ತದೆ. ಟೈಲರ್ ಹತ್ತಿರ ಆ ಬೆರಳನ್ನು ಗಿಡ್ಡ ಮಾಡಿಸಿ ಹೊಲಿಸಿಕೊಳ್ಳಿ. ಡ್ರಿಲ್ಲಿಂಗ್ ಮಷಿನ್, ಲೇತ್‌ನಂಥ ತಿರುಗುವ ಮಷಿನ್ ಹತ್ತಿರ ಗ್ಲೌಸ್ ಹಾಕಲೇಬಾರದು, ಮೊಂಡು ತುದಿ ಎಷ್ಟೇ ನೋಯಲಿ.

ಇನ್ನು ಸರ್ಟಿಫಿಕೇಟ್. ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇರಬೇಕು. ನಿಮ್ಮದು ಕೆಲಸದ ಜಾಗದಲ್ಲಾದ ಪೆಟ್ಟು. ಹಾಗಾಗಿ ಡಾಕ್ಟರ್ ರಜೆ ಬರೆದಷ್ಟು ದಿನ ಸಂಬಳದ ಸುಮಾರು 90 ಪರ್ಸೆಂಟ್ ತಾತ್ಕಾಲಿಕ ಅಂಗವೈಕಲ್ಯದ ಪರಿಹಾರವಾಗಿ ಬರಬೇಕು. ಮಾಮೂಲಿ ಕಾಯಿಲೆಯ ರಜೆಗೆ 70 ಪರ್ಸೆಂಟ್, ಅದಕ್ಕೆ ದಿನದ ಮಿತಿಯೂ ಇದೆ. ನಿಮ್ಮದಕ್ಕೆ ಆ ಮಿತಿ ಇಲ್ಲ. ನಿಮ್ಮ ಪಾಸ್‌ಬುಕ್‌ಗೆ 70ರ ಲೆಕ್ಕದಲ್ಲಿ ಬರುತ್ತಿದ್ದರೆ, ಕಂಪನಿಯವರು ಅಪಘಾತದ ವರದಿಯನ್ನೇ ಕಳಿಸದೆ ಸುಮ್ನೆ ಕಾಯಿಲೆ ಅಂತ ತೋರಿಸಿರಬಹುದು. ಅಪಘಾತದ ವರದಿಗೆ ಫಾರಂ 12 ಅನ್ನುತ್ತಾರೆ. ಕಳಿಸಿದ್ದಾರಾ ಅಂತ ನಿಮ್ಮ ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ಕೇಳಿ, ಪ್ರತಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ನೀವೇ ಬರೆದುಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಆಪರೇಷನ್ ಖರ್ಚು ಕಂಪನಿ ಕೊಟ್ಟಿದೆ ಅನ್ನುವ ಕಾರಣಕ್ಕೆ ಈ ವರದಿ ಬಿಟ್ಟುಹೋಗುವುದು ನಮ್ಮಲ್ಲಿ ಮಾಮೂಲು. ಶಾಶ್ವತ ನಷ್ಟಕ್ಕೆ ಮುಂದೆ ಬರುವ ಪಿಂಚಣಿ ಎಲ್ಲ ಇದರ ಮೇಲೇ ನಿಂತಿದೆ.

ತೊಡಕು ಇರುವುದು ಇಲ್ಲಿ. ನೀವು ಕೆಲಸ ಮಾಡಿ ಸಂಬಳ ತಗೊಂಡ ದಿನಕ್ಕೆ ಈ ಪರಿಹಾರ ಸಿಗುವುದಿಲ್ಲ. ಜರ್ಮನಿಯಂಥ ಕಡೆ ದಿನಕ್ಕೆ ಎರಡು ಗಂಟೆ, ನಾಲ್ಕು ಗಂಟೆ ಅಂತ ಹೆಚ್ಚಿಸುತ್ತಾ ಕೆಲಸಕ್ಕೆ ಮರಳುವ ಪದ್ಧತಿ ಇದೆ. ಅಷ್ಟೂ ದಿನ ವಿಮೆಯ ಹಣ ಬರುತ್ತಿರುತ್ತದೆ. ನಮ್ಮಲ್ಲಿ ರಜೆ ಇಲ್ಲವೇ ಫಿಟ್, ಎರಡೇ. ಅದಕ್ಕೇ ಅರ್ಧ ದಿನ ಹೋಗುತ್ತೇನೆ ಅನ್ನುವ ದಾರಿ ನಿಮಗೆ ಲಾಭವಲ್ಲ. ಪೂರ್ತಿ ಶಿಫ್ಟ್, ಬೇರೆ ಕೆಲಸ, ಇದನ್ನು ಕೇಳಿ. ರಜೆ ಮುಗಿಸಿ ಕೆಲಸಕ್ಕೆ ಕಳಿಸುವ ಅಂತಿಮ ಸರ್ಟಿಫಿಕೇಟ್ ಕೊಡುವಾಗ ಡಾಕ್ಟರ್ ಬರೀ ‘ಫಿಟ್’ ಅಂತ ಬರೆದು ಕೈತೊಳೆದುಕೊಳ್ಳದಂತೆ ನೋಡಿಕೊಳ್ಳಿ. ‘ಬಲಗೈಯಲ್ಲಿ 5 ಕೆ.ಜಿ.ಗಿಂತ ಜಾಸ್ತಿ ಎತ್ತಬಾರದು, ಪ್ರೆಸ್ ಮತ್ತು ಅದುರುವ ಮಷಿನ್ ಬೇಡ, ಆರು ವಾರದ ನಂತರ ಮತ್ತೆ ತಪಾಸಣೆ’ ಎಂಬ ಮೂರು ಮಾತು ಸಾಕು. ಅಂಕಿ ನಿಮ್ಮ ಡಾಕ್ಟರ್ ಹೇಳಿದಷ್ಟು. ಫಿಸಿಯೋಥೆರಪಿಸ್ಟ್ ಹತ್ತಿರ ಮೊದಲೇ ಒಂದು ಚೀಟಿ ಬರೆಸಿಕೊಂಡು ಹೋದರೆ ಡಾಕ್ಟರಿಗೂ ಸುಲಭ. ಡಿಸ್ಪೆನ್ಸರಿಯ ಕ್ಯೂನಲ್ಲಿ ಅವರಿಗೆ ನಿಮ್ಮ ಕೆಲಸದ ವಿವರ ಕೇಳಲು ಸಮಯ ಎಲ್ಲಿರುತ್ತದೆ?

ಸೂಪರ್‌ವೈಸರ್ ಬೆದರಿಕೆ ಬಗ್ಗೆ. ತಾತ್ಕಾಲಿಕ ಅಂಗವೈಕಲ್ಯದ ಪರಿಹಾರ ಪಡೆಯುತ್ತಿರುವವರನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯಲು ಇಎಸ್‌ಐ ಕಾನೂನು ಅಡ್ಡ ಬರುತ್ತದೆ. ಫೋನಿನಲ್ಲಿ ಜಗಳ ಬೇಡ. ‘ಡಾಕ್ಟರ್ ಇಂಥ ದಿನದ ತನಕ ರಜೆ ಬರೆದಿದ್ದಾರೆ, ಪ್ರತಿ ಕಳಿಸಿದ್ದೇನೆ’ ಅಂತ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಬರವಣಿಗೆಯಲ್ಲಿ ಇರಲಿ. ಖಾಲಿ ಹಾಳೆಗೆ, ರಾಜೀನಾಮೆಗೆ, ‘ಎಲ್ಲ ಸೆಟಲ್ ಆಗಿದೆ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಯಾರು ಎಷ್ಟೇ ಒಳ್ಳೆಯ ಮಾತಲ್ಲಿ ಕೇಳಲಿ. ಒಂದು ವೇಳೆ ನಿಮಗೆ ಇಎಸ್‌ಐ ಇಲ್ಲದಿದ್ದರೆ ನೌಕರರ ಪರಿಹಾರದ ಕಾನೂನಿನಲ್ಲಿ ಮಾಲೀಕರೇ ಕೊಡಬೇಕಾಗುತ್ತದೆ. ಅದಕ್ಕೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ.

ಈಗ ಆ ಪರ್ಸೆಂಟೇಜ್ ಮಾತು. ನಿಮ್ಮ ಜೊತೆಯವರು ಕೆಟ್ಟದ್ದು ಬಯಸಿ ಹೇಳಿಲ್ಲ, ಆದರೆ ಲೆಕ್ಕ ಹಾಕಿಲ್ಲ. ತೋರುಬೆರಳಿನ ಒಂದು ಗೆಣ್ಣು ಹೋದರೆ ದುಡಿಯುವ ಶಕ್ತಿಯಲ್ಲಿ 9 ಪರ್ಸೆಂಟ್ ನಷ್ಟ ಅಂತ ಕಾನೂನಿನ ಪಟ್ಟಿಯಲ್ಲೇ ಇದೆ. ಇಡೀ ತೋರುಬೆರಳಿಗೆ 14, ಹೆಬ್ಬೆರಳಿಗೆ 30. ಫಿಸಿಯೋಥೆರಪಿ ಮಾಡಿದರೆ ನಿಮ್ಮ 9 ಕಮ್ಮಿ ಆಗಲ್ಲ, ಬೆರಳು ಮತ್ತೆ ಬೆಳೆಯುವುದಿಲ್ಲವಲ್ಲ. ನಡುಬೆರಳು ಎಷ್ಟು ಮಡಚುತ್ತದೆ ಎನ್ನುವುದನ್ನು ಮೆಡಿಕಲ್ ಬೋರ್ಡ್ ನೋಡಿ ತೀರ್ಮಾನಿಸುತ್ತದೆ. ಅದು ಮಾತ್ರ ಸುಧಾರಿಸಿದಷ್ಟು ಕಮ್ಮಿ ಆಗಬಹುದು. ಸಂಬಳ 18,000 ಅಂತಿಟ್ಟುಕೊಳ್ಳಿ. ಅದರ 90 ಪರ್ಸೆಂಟ್ ಅಂದರೆ 16,200. ಅದರಲ್ಲಿ ಒಂದು ಪರ್ಸೆಂಟ್ ಅಂದರೆ ತಿಂಗಳಿಗೆ ಸುಮಾರು 160 ರೂಪಾಯಿ. ನಡುಬೆರಳು ಬಿಗಿಯಾಗೇ ಇರಲಿ ಅಂತ ಬಿಟ್ಟು ನಾಲ್ಕೈದು ಪರ್ಸೆಂಟ್ ಜಾಸ್ತಿ ಸಿಕ್ಕರೂ ತಿಂಗಳಿಗೆ 700, 800 ರೂಪಾಯಿ. ಹಿಡಿತ ಇಲ್ಲದ ಕೈಯಿಂದ ಆಪರೇಟರ್ ಹೋಗಿ ಹೆಲ್ಪರ್ ಆದರೆ ತಿಂಗಳಿಗೆ ಎಷ್ಟು ಹೋಗುತ್ತದೆ? ಆ ಲೆಕ್ಕ ನಿಮಗೇ ಗೊತ್ತು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಬೋರ್ಡ್ ತೀರ್ಮಾನಿಸಿದ ಶಾಶ್ವತ ಅಂಗವೈಕಲ್ಯದ ಹಣ ನೀವು ಮತ್ತೆ ಕೆಲಸಕ್ಕೆ ಹೋಗಿ ಪೂರ್ತಿ ಸಂಬಳ ತಗೊಂಡರೂ ನಿಲ್ಲುವುದಿಲ್ಲ. ಕೆಲಸಕ್ಕೆ ಹೋದರೆ ಪಿಂಚಣಿ ಹೋಗುತ್ತೆ ಅನ್ನುವ ಭಯ ಬೇಡ. ಅಂತಿಮ ಸರ್ಟಿಫಿಕೇಟ್ ಆದ ಮೇಲೆ ಬೋರ್ಡ್‌ಗೆ ಅರ್ಜಿ ಹಾಕಲು ತಡ ಮಾಡಬೇಡಿ. ಎಕ್ಸ್‌ರೇ, ಆಪರೇಷನ್ ಚೀಟಿ, ಡಿಸ್ಚಾರ್ಜ್ ಸಮ್ಮರಿ, ನಿಮ್ಮ ಭಾನುವಾರದ ಅಳತೆಗಳು, ಎಲ್ಲ ಒಂದು ಫೈಲಿನಲ್ಲಿ ಇರಲಿ.

ಈಗ ಮಷಿನ್ ವಿಷಯ. ನಿಮ್ಮ ಕೈ ಸಿಕ್ಕಿದ್ದು ಹೇಗೆ ಅಂತ ಬರೆದಿಲ್ಲ. ಪೆಡಲ್ ಪ್ರೆಸ್‌ಗಳಲ್ಲಿ ನಾನು ಕೇಳಿರುವ ಕತೆ ಹೆಚ್ಚಾಗಿ ಒಂದೇ. ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ತೆಗೆದಿಟ್ಟಿರುತ್ತಾರೆ, ಇದ್ದರೆ ಪೀಸ್ ಬೇಗ ಆಗಲ್ಲ ಅಂತ. ಇಲ್ಲವೇ ಒಂದು ಸಲ ತುಳಿದರೆ ಎರಡು ಸ್ಟ್ರೋಕ್ ಬೀಳುವ ಮಷಿನ್, ಎಲ್ಲರಿಗೂ ಗೊತ್ತಿದ್ದೂ ಓಡಿಸುತ್ತಿರುತ್ತಾರೆ. ಎರಡೂ ಕೈಯಿಂದ ಒಟ್ಟಿಗೆ ಬಟನ್ ಒತ್ತಿದರೆ ಮಾತ್ರ ಇಳಿಯುವ ಪ್ರೆಸ್ ಆದರೆ, ಬಟನ್ ಒತ್ತುವ ಹೊತ್ತಿಗೆ ನಿಮ್ಮ ಕೈ ಡೈ ಒಳಗೆ ಇರುವುದಿಲ್ಲ. ನಿಮ್ಮ ಈಗಿನ ಕೈಗೂ ಅದು ಸುಲಭ, ಆ ಬಟನ್ ಒತ್ತಲು ಅಂಗೈ ಸಾಕು, ಬೆರಳ ತುದಿ ಬೇಕಿಲ್ಲ. ಗಾರ್ಡ್ ಇರಬೇಕು ಅನ್ನುವುದು ಕಾರ್ಖಾನೆ ಕಾನೂನಿನ ಮಾತು, ಕಂಪನಿ ಮಾಡುವ ಉಪಕಾರ ಅಲ್ಲ. ಹಳೇ ಮಷಿನ್ ಹಾಗೇ ಇದ್ದರೆ ಅದಕ್ಕೆ ಮತ್ತೆ ಕೂರಬೇಡಿ. ಸ್ಪರ್ಶ ಕಮ್ಮಿ ಇರುವ, ಹಿಂತೆಗೆಯಲು ನಿಧಾನವಾದ ಕೈಯನ್ನು ಅದೇ ಪ್ರೆಸ್‌ಗೆ ಕಳಿಸಲು ನಾನಂತೂ ಒಪ್ಪುವುದಿಲ್ಲ. ಕೇಳಿಯೂ ಸರಿ ಮಾಡದಿದ್ದರೆ ರಾಜ್ಯದ ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಇದೆ, ದೂರು ಕೊಡಬಹುದು.

ಮಷಿನ್ ಸರಿಯಾಗಿದ್ದರೂ ಮೊದಲ ದಿನ ಅದರ ಸದ್ದಿಗೆ ಎದೆ ಹಾರುತ್ತದೆ. ಕೈ ತಾನಾಗೇ ಹಿಂದೆ ಬರುತ್ತದೆ. ಇದು ಹೇಡಿತನ ಅಲ್ಲ. ಮೊದಲು ಶೆಡ್ಡಿಗೆ ಸುಮ್ನೆ ಒಂದು ಸಲ ಹೋಗಿ ಬನ್ನಿ, ಟೀ ಕುಡಿದು ಬನ್ನಿ. ಆಮೇಲೆ ಮಷಿನ್ ಪಕ್ಕ ನಿಂತು ನೋಡಿ. ಆಮೇಲೆ ಆಫ್ ಆಗಿರುವ ಮಷಿನ್ ಮುಂದೆ ಕೂರಿ. ಹೀಗೆ ಒಂದೊಂದೇ. ಆದರೆ ರಾತ್ರಿ ಅದೇ ಕನಸು, ನಿದ್ದೆ ಇಲ್ಲ, ಆ ರಸ್ತೆಗೇ ಹೋಗಲು ಆಗದು ಅನ್ನುವಂತಾಗಿ ತಿಂಗಳು ದಾಟಿದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಲ್ಲೇ ಇರುವುದರಿಂದ ನಿಮ್ಹಾನ್ಸ್ ಕೂಡ ಇದೆ.

ಮನೆಯವರು ತಿಪಟೂರಿಗೆ ಹೋಗೋಣ ಅಂದದ್ದರಲ್ಲಿ ತಪ್ಪೇನಿಲ್ಲ. ಅವರು ಆ ದಿನ ಆಸ್ಪತ್ರೆಯಲ್ಲಿ ನಿಮ್ಮ ಕೈ ನೋಡಿದವರು. ಆದರೆ ತೋಟದ ಕೆಲಸ ಈ ಕೈಗೆ ಹಗುರ ಅಂದುಕೊಳ್ಳಬೇಡಿ. ಕಾಯಿ ಸುಲಿಯುವುದು, ಗುದ್ದಲಿ ಹಿಡಿಯುವುದು ಕ್ಯೂಸಿ ಟೇಬಲ್‌ಗಿಂತ ಎಷ್ಟೋ ಪಾಲು ಜೋರು ಹಿಡಿತ ಕೇಳುತ್ತವೆ. ಈ ತೀರ್ಮಾನವನ್ನು ಈಗಲೇ ತಗೊಳ್ಳಬೇಡಿ, ಆರು ತಿಂಗಳು ಮುಂದೂಡಿ. ಅಷ್ಟರಲ್ಲಿ ಕೈ ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತದೆ. ಬೋರ್ಡ್ ಕೆಲಸವೂ ಒಂದು ಹಂತಕ್ಕೆ ಬಂದಿರುತ್ತದೆ. ಊರಿಗೆ ಹೋಗುವುದೇ ಆದರೆ ಫಿಸಿಯೋಥೆರಪಿ ಅರ್ಧಕ್ಕೆ ಬಿಟ್ಟು ಮಾತ್ರ ಹೋಗಬೇಡಿ.

ಕೊನೆಗೆ ಬೈಕ್ ವಿಷಯ, ನೀವು ಕೇಳಿಲ್ಲ, ಆದರೂ ಹೇಳಬೇಕು. ಬೈಕಿನ ಮುಂದಿನ ಬ್ರೇಕ್ ನಿಮ್ಮ ಪೆಟ್ಟಾದ ಆ ಎರಡು ಬೆರಳ ಕೆಲಸ. ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕ್ ಮೇಲೆ ಕೂತು ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಲು ಆಗುತ್ತದಾ ನೋಡಿ, ಒಂದು ಸಲವಲ್ಲ, ಇಪ್ಪತ್ತು ಸಲ. ಆಗದಿದ್ದರೆ ಅಲ್ಲಿಯ ತನಕ ಮೆಟ್ರೋ ಅಥವಾ ಬಸ್. ಕಂಬಿಯನ್ನು ಎಡಗೈಯಲ್ಲಿ ಹಿಡಿಯಿರಿ. ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವೂ ಇಎಸ್‌ಐ ಲೆಕ್ಕಕ್ಕೆ ಬರುತ್ತದೆ ನಿಜ, ಆದರೆ ಅದನ್ನು ಪರೀಕ್ಷೆ ಮಾಡಿ ನೋಡುವುದು ಬೇಡ. ಮುಂದಿನ ಸಲ ಫಿಸಿಯೋಥೆರಪಿಗೆ ಹೋಗುವಾಗ ಆ ಪ್ರೆಸ್ ವಿಡಿಯೋ, ಒಂದು ಸ್ಕ್ರ್ಯಾಪ್ ಬ್ಲ್ಯಾಂಕ್, ಕೈಗೆ ಹಾಕುವ ಗ್ಲೌಸ್, ಈ ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.